ನಾಯಿಯ ತುರಿಕೆ ಅಲರ್ಜಿಯೇ ಎಂದು ತಿಳಿಯುವುದು ಹೇಗೆ, ತಿಳಿದ ಮೇಲೆ ಮಾಡಬೇಕಾದದ್ದೇನು?

ಕುಕ್ಕರಹಳ್ಳಿ ನಡಿಗೆ (ಮೈಸೂರು):

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ ಮೂರು ವರ್ಷ ದಾಟಿದ ಲ್ಯಾಬ್ರಡಾರ್ ಹೆಣ್ಣುನಾಯಿ ಇದೆ. ಕಳೆದ ಮಳೆಗಾಲದಿಂದ ಅದು ಮುಂಗಾಲಿನ ಬೆರಳುಗಳ ಸಂದುಗಳನ್ನು ಬಿಡದೆ ನೆಕ್ಕುತ್ತಿದ್ದು, ಅಲ್ಲಿನ ತಿಳಿಬಣ್ಣದ ಕೂದಲು ಎಂಜಲಿನಿಂದ ಕಂದುಗೆಂಪಾಗಿದೆ. ಹೊಟ್ಟೆಯ ಅಡಿಭಾಗ ಮತ್ತು ಕಂಕುಳು ಕೆಂಪಾಗಿರುತ್ತವೆ, ಕಿವಿಯಿಂದ ಹುಳಿವಾಸನೆ ಬರುತ್ತದೆ. ಹತ್ತಿರದ ಚಿಕಿತ್ಸಾಲಯದಲ್ಲಿ ಇಂಜೆಕ್ಷನ್ ಕೊಡಿಸಿದರೆ ಕೆಲವು ವಾರ ಆರಾಮವಾಗಿದ್ದು, ಆಮೇಲೆ ಎಲ್ಲವೂ ಮೊದಲಿನಂತಾಗುತ್ತದೆ.

ಕೋಳಿಮಾಂಸವೇ ಕಾರಣ ಎಂದು ಒಬ್ಬರು ಹೇಳುತ್ತಾರೆ, ಅನ್ನ ನಿಲ್ಲಿಸಿ ಎಂದು ಇನ್ನೊಬ್ಬರು ಹೇಳುತ್ತಾರೆ, ಧಾನ್ಯವಿಲ್ಲದ ಆಹಾರದ ದುಬಾರಿ ಚೀಲವನ್ನು ಅಂಗಡಿಯವರು ಮುಂದಿಡುತ್ತಾರೆ. ಪಾರ್ಥೇನಿಯಂ, ಅಂದರೆ ನಮ್ಮ ಕಾಂಗ್ರೆಸ್ ಗಿಡದ ಮೇಲೂ ಮನೆಯವರಿಗೆ ಅನುಮಾನವಿದೆ. ಯಾವುದನ್ನು ಮೊದಲು ನೋಡಬೇಕು, ಯಾವುದನ್ನು ಆಮೇಲೆ ನೋಡಬೇಕು ಎಂಬುದನ್ನು ತಿಳಿದವರು ದಯವಿಟ್ಟು ವಿವರಿಸಬೇಕು.

ಹಳೆಯ ಸ್ಟೆತಸ್ಕೋಪು (ಪಶುವೈದ್ಯ, ಹಾಸನ):

ನೀವು ಬರೆದಿರುವ ಜಾಗಗಳು, ಅಂದರೆ ಪಂಜ, ಕಂಕುಳು, ಹೊಟ್ಟೆ ಮತ್ತು ಕಿವಿ, ಪರಿಸರದ ಅಲರ್ಜಿಯಲ್ಲೂ ಕಾಣುತ್ತವೆ, ಆಹಾರದ ಅಲರ್ಜಿಯಲ್ಲೂ ಕಾಣುತ್ತವೆ. ಚರ್ಮವನ್ನು ಕಣ್ಣಿನಿಂದ ನೋಡಿ ಇವೆರಡನ್ನು ಬೇರ್ಪಡಿಸಲು ಯಾವ ವೈದ್ಯರಿಗೂ ಆಗುವುದಿಲ್ಲ. ಆದ್ದರಿಂದ ನಿಮ್ಮ ಪ್ರಶ್ನೆಯಲ್ಲಿರುವ ‘ಮೊದಲು ಯಾವುದು, ಆಮೇಲೆ ಯಾವುದು’ ಎಂಬ ಮಾತೇ ಇಲ್ಲಿ ಮುಖ್ಯವಾದದ್ದು. ನಾಯಿಗೆ ಯಾವುದು ಒಗ್ಗುತ್ತಿಲ್ಲ ಎಂದು ಊಹಿಸುವ ಮೊದಲು, ತುರಿಕೆ ತರಬಲ್ಲ ಉಳಿದ ಕಾರಣಗಳನ್ನು ಒಂದೊಂದಾಗಿ ಪಕ್ಕಕ್ಕೆ ಸರಿಸಬೇಕು.

ಮೊದಲು ಚಿಗಟ, ಉಣ್ಣೆ ಮತ್ತು ಕಜ್ಜಿಯ ನುಸಿಗಳನ್ನು ನೋಡಬೇಕು. ಅದರ ಜೊತೆಯಲ್ಲೇ ಚರ್ಮದ ಮತ್ತು ಕಿವಿಯ ಸೋಂಕನ್ನು ನೋಡಬೇಕು. ಅಲರ್ಜಿಯಿಂದ ದುರ್ಬಲವಾದ ಚರ್ಮದಲ್ಲಿ ಸ್ಟೆಫೈಲೋಕಾಕಸ್ ಬ್ಯಾಕ್ಟೀರಿಯಾ ಮತ್ತು ಮಲಸ್ಸೀಜಿಯ ಎಂಬ ಯೀಸ್ಟ್ ಬೇಗನೆ ಹೆಚ್ಚಿಕೊಳ್ಳುತ್ತವೆ, ಮತ್ತು ಅವೇ ಪ್ರತ್ಯೇಕವಾಗಿ ತುರಿಕೆ ಹುಟ್ಟಿಸುತ್ತವೆ. ನಿಮ್ಮ ನಾಯಿಯ ಕಿವಿಯ ಹುಳಿವಾಸನೆ ಯೀಸ್ಟಿನ ಕಡೆಗೆ ಬೆರಳು ತೋರುತ್ತದೆ. ಚರ್ಮಕ್ಕೆ ಪಾರದರ್ಶಕ ಟೇಪು ಒತ್ತಿ ತೆಗೆದು, ಬಣ್ಣ ಹಾಕಿ, ಸೂಕ್ಷ್ಮದರ್ಶಕದಡಿ ನೋಡುವ ಪರೀಕ್ಷೆಗೆ ಹೆಚ್ಚು ಹೊತ್ತು ಬೇಕಾಗುವುದಿಲ್ಲ. ಇದನ್ನು ಮಾಡದೆ ತುರಿಕೆಗೆ ಔಷಧ ಬರೆದರೆ ಅರ್ಧ ರೋಗ ಹಾಗೆಯೇ ಉಳಿಯುತ್ತದೆ. ಒಳಗಿನ ಕಾರಣವನ್ನು ಬಿಟ್ಟು ಸ್ಟಿರಾಯ್ಡ್ ಇಂಜೆಕ್ಷನ್ ಕೊಡಿಸುತ್ತಾ ಹೋಗುವುದು, ಉರಿ ತಗ್ಗಿಸದೆ ಉಕ್ಕುವ ಹಾಲಿಗೆ ನೀರು ಚಿಮುಕಿಸಿದಂತೆ.

ಇವೆಲ್ಲ ಮುಗಿದ ಮೇಲೂ ತುರಿಕೆ ಉಳಿದು, ಅದು ಒಂದೇ ಋತುವಿಗೆ ಸೀಮಿತವಾಗದೆ ವರ್ಷವಿಡೀ ಕಾಡುವಂಥದ್ದಾದರೆ ಆಹಾರದ ಪರೀಕ್ಷೆಗೆ ಇಳಿಯಬೇಕು. ಅದೂ ಅಲ್ಲವೆಂದು ಖಚಿತವಾದರೆ ಉಳಿಯುವುದು ಅಟೋಪಿಕ್ ಡರ್ಮಟೈಟಿಸ್, ಅಂದರೆ ಧೂಳಿನ ನುಸಿ, ಪರಾಗ, ಬೂಷ್ಟು ಮೊದಲಾದವುಗಳಿಗೆ ಹುಟ್ಟಿನಿಂದ ಬಂದ ಒಲವಿನಿಂದಾಗಿ ಚರ್ಮ ಕೆರಳುವ ಕಾಯಿಲೆ. ಇದು ಸಾಮಾನ್ಯವಾಗಿ 6 ತಿಂಗಳಿನಿಂದ 3 ವರ್ಷದೊಳಗಿನ ವಯಸ್ಸಿನಲ್ಲಿ ಆರಂಭವಾಗುತ್ತದೆ. ಲ್ಯಾಬ್ರಡಾರ್, ಗೋಲ್ಡನ್ ರಿಟ್ರೀವರ್, ಪಗ್, ಶಿಟ್ಜು, ಜರ್ಮನ್ ಶೆಫರ್ಡ್ ಮತ್ತು ಫ್ರೆಂಚ್ ಬುಲ್‌ಡಾಗ್ ತಳಿಗಳಲ್ಲಿ ಹೆಚ್ಚು ಕಾಣುತ್ತದೆ. ಆದರೂ ನಿಮ್ಮ ನಾಯಿಗೆ ಇದೇ ಎಂದು ನಾನು ಇಲ್ಲಿ ಕುಳಿತು ಹೇಳಲಾರೆ.

ಕಾಂಗ್ರೆಸ್ ಗಿಡದ ಬಗ್ಗೆ ಒಂದು ಮಾತು. ಅದು ಮನುಷ್ಯರಲ್ಲಿ ಚರ್ಮದ ಉರಿಯೂತ ತರುವುದು ಚೆನ್ನಾಗಿ ದಾಖಲಾಗಿದೆ. ಆದರೆ ನಮಗೆ ಒಗ್ಗದ್ದು ನಾಯಿಗೂ ಒಗ್ಗುವುದಿಲ್ಲ ಎಂಬ ತರ್ಕ ನಿಲ್ಲುವುದಿಲ್ಲ. ಗಿಡವನ್ನು ಕಿತ್ತರೆ ನಷ್ಟವೇನೂ ಇಲ್ಲ, ಆದರೆ ಅಲ್ಲಿಗೆ ಕೆಲಸ ಮುಗಿಯಿತೆಂದು ತಿಳಿಯಬೇಡಿ.

ಮಲ್ಪೆ ಗಾಳಿ (ಉಡುಪಿ):

ವೈದ್ಯರೇ, ನಿಮ್ಮ ಮಾತಿಗೆ ನನ್ನದೊಂದು ತಕರಾರು ಇದೆ. ನಾವು ವಾರಕ್ಕೊಮ್ಮೆ ಬೇವಿನ ಸೊಪ್ಪು ಕುದಿಸಿದ ನೀರಿನಲ್ಲಿ ನಾಯಿಗೆ ಸ್ನಾನ ಮಾಡಿಸುತ್ತೇವೆ ಮತ್ತು ಮೈಯಲ್ಲಿ ಒಂದು ಚಿಗಟವನ್ನೂ ಕಂಡವರಲ್ಲ. ಆದರೂ ಬಾಲದ ಬುಡದಲ್ಲಿ, ತೊಡೆಯ ಹಿಂಭಾಗದಲ್ಲಿ ಅದು ಕಚ್ಚಿ ಕಚ್ಚಿ ಕೂದಲು ಉದುರಿಸಿಕೊಂಡಿದೆ. ಕಾಣದ ಚಿಗಟಕ್ಕೆ ಔಷಧ ಹಾಕುವುದರಲ್ಲಿ ಏನು ಅರ್ಥವಿದೆ?

ಹಳೆಯ ಸ್ಟೆತಸ್ಕೋಪು:

ಬಾಲದ ಬುಡ, ಸೊಂಟದ ಮೇಲ್ಭಾಗ ಮತ್ತು ತೊಡೆಯ ಹಿಂಭಾಗ ಚಿಗಟದ ಅಲರ್ಜಿಯ ಹೆಗ್ಗುರುತುಗಳು. ಈ ಅಲರ್ಜಿ ಬರುವುದು ಚಿಗಟದ ಎಂಜಲಿನಿಂದ. ಒಗ್ಗದ ನಾಯಿಗೆ ಕೆಲವೇ ಕಡಿತಗಳು ಸಾಕು. ಅಂಥ ನಾಯಿ ಕಚ್ಚಿಕೊಂಡು, ನೆಕ್ಕಿಕೊಂಡು ಚಿಗಟವನ್ನು ನುಂಗಿಯೂ ಬಿಡುವುದರಿಂದ, ಅತಿ ಹೆಚ್ಚು ತುರಿಸುವ ನಾಯಿಯ ಮೈಯಲ್ಲೇ ಚಿಗಟ ಕಾಣದಿರುವುದು ಉಂಟು. ಸಣ್ಣ ಹಲ್ಲಿನ ಬಾಚಣಿಗೆಯಿಂದ ಬಾಚಿ, ಉದುರಿದ ಕಪ್ಪು ಕಣಗಳನ್ನು ಒದ್ದೆಯಾದ ಬಿಳಿ ಹತ್ತಿಯ ಮೇಲೆ ಇಡಿ. ಸುತ್ತ ಕೆಂಪುಕಂದು ಬಣ್ಣ ಹರಡಿದರೆ ಅದು ಚಿಗಟದ ಹಿಕ್ಕೆ, ಅಂದರೆ ಜೀರ್ಣವಾದ ರಕ್ತ.

ನಾಯಿಯ ಮೈಮೇಲಿರುವ ದೊಡ್ಡ ಚಿಗಟಗಳು ಒಟ್ಟು ಸಂಖ್ಯೆಯ ಸುಮಾರು 5 ಪ್ರತಿಶತ ಮಾತ್ರ. ಉಳಿದವು ಮೊಟ್ಟೆ, ಮರಿಹುಳು ಮತ್ತು ಗೂಡಿನ ರೂಪದಲ್ಲಿ ಚಾಪೆಯ ಅಡಿ, ಸೋಫಾದ ಸಂದು, ಜಗಲಿಯ ಬಿರುಕುಗಳಲ್ಲಿ ಇರುತ್ತವೆ. ಕರಾವಳಿಯ ತೇವ ಅವುಗಳಿಗೆ ಬಹಳ ಅನುಕೂಲ. ಬೇವಿನ ನೀರಿನಿಂದ ಈ ಚಕ್ರ ಮುರಿಯುವುದಿಲ್ಲ. ಮನೆಯ ಎಲ್ಲ ನಾಯಿಬೆಕ್ಕುಗಳಿಗೂ ಒಟ್ಟಿಗೆ, ಬಿಡದೆ ಕನಿಷ್ಠ 3 ತಿಂಗಳು ಚಿಗಟದ ಔಷಧ ನಡೆಯಬೇಕು, ಹಾಸಿಗೆಯನ್ನು ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಹಾಕಬೇಕು. ನಾಯಿಗೆಂದು ತಂದ ಕೆಲವು ಹನಿ ಔಷಧಗಳಲ್ಲಿ ಪರ್ಮೆಥ್ರಿನ್ ಇರುತ್ತದೆ ಮತ್ತು ಅದು ಬೆಕ್ಕಿಗೆ ವಿಷ, ಆದ್ದರಿಂದ ಬೆಕ್ಕಿಗೆ ಬೇರೆ ಔಷಧವನ್ನೇ ತನ್ನಿ. ಅಫೊಕ್ಸೊಲನರ್, ಫ್ಲುರಲನರ್ ಗುಂಪಿನ ಮಾತ್ರೆಗಳು ಚಿಗಟ, ಉಣ್ಣೆ ಎರಡಕ್ಕೂ ಪರಿಣಾಮಕಾರಿ, ಆದರೆ ಫಿಟ್ಸ್ ಬಂದ ಇತಿಹಾಸವಿರುವ ನಾಯಿಗೆ ಕೊಡುವ ಮೊದಲು ವೈದ್ಯರಿಗೆ ತಿಳಿಸಲೇಬೇಕು.

ಬೇಟೆನಾಯಿ ಬಳಗ (ಬಾಗಲಕೋಟೆ ಜಿಲ್ಲೆ):

ನಮ್ಮ ಭಾಗದಲ್ಲಿ ಮುಧೋಳ ನಾಯಿಗಳನ್ನು ಸಾಕುವವರು ಬಹಳ. ಅವುಗಳ ಕೂದಲು ಗಿಡ್ಡ, ಚರ್ಮ ತೆಳು, ಹಾಗಾಗಿ ಸಣ್ಣ ಗುಳ್ಳೆಯೂ ಎದ್ದು ಕಾಣುತ್ತದೆ. ನಾನು ಇಲ್ಲಿ ಹೇಳಬೇಕಾದದ್ದು ಕಜ್ಜಿಯ ಬಗ್ಗೆ. ಅದನ್ನು ಅಲರ್ಜಿ ಎಂದು ತಿಳಿದು ತಿಂಗಳುಗಟ್ಟಲೆ ಸ್ಟಿರಾಯ್ಡ್ ಹಾಕಿಸಿದವರನ್ನೂ ನೋಡಿದ್ದೇನೆ, ಅಲರ್ಜಿಯನ್ನು ಕಜ್ಜಿ ಎಂದು ತಿಳಿದು ನಾಯಿಯ ಮೈಗೆ ಸೀಮೆಎಣ್ಣೆ, ಗಾಡಿಯ ಸುಟ್ಟ ಎಣ್ಣೆ ಬಳಿದವರನ್ನೂ ನೋಡಿದ್ದೇನೆ. ಎರಡನೆಯವರ ನಾಯಿಗಳ ಪಾಡು ಹೇಳತೀರದು: ಎಣ್ಣೆ ಚರ್ಮವನ್ನು ಸುಡುತ್ತದೆ, ನೆಕ್ಕಿಕೊಂಡರೆ ಹೊಟ್ಟೆಗೂ ಶ್ವಾಸಕೋಶಕ್ಕೂ ವಿಷವಾಗುತ್ತದೆ.

ಸಾರ್ಕೊಪ್ಟಿಸ್ ಎಂಬ ನುಸಿಯಿಂದ ಬರುವ ಕಜ್ಜಿ ಹೆಚ್ಚಾಗಿ ಕಿವಿಯ ಅಂಚು, ಮೊಣಕೈ ಮತ್ತು ಹಿಂಗಾಲಿನ ಕೀಲುಗಳಿಂದ ಆರಂಭವಾಗುತ್ತದೆ. ನಾಯಿಯನ್ನು ಅಪ್ಪಿಕೊಂಡು ಮಲಗುವ ಮಕ್ಕಳಿಗೂ ತುರಿಕೆ ಬಂದಿದ್ದರೆ ಮೊದಲ ಅನುಮಾನ ಇದರ ಮೇಲೇ ಇರಲಿ, ಏಕೆಂದರೆ ಅಲರ್ಜಿ ನಾಯಿಯಿಂದ ಮನುಷ್ಯರಿಗೆ ಅಂಟುವುದಿಲ್ಲ. ಕಿವಿಯ ಅಂಚನ್ನು ಬೆರಳುಗಳ ನಡುವೆ ಉಜ್ಜಿದಾಗ ನಾಯಿ ತಾನಾಗಿ ಹಿಂಗಾಲಿನಿಂದ ಕೆರೆದುಕೊಳ್ಳಲು ತೊಡಗಿದರೆ ಅದೂ ಒಂದು ಸುಳಿವು.

ಹಳೆಯ ಸ್ಟೆತಸ್ಕೋಪು:

ಇದಕ್ಕೆ ಒಂದೇ ಸೇರ್ಪಡೆ. ಚರ್ಮ ಕೆರೆದು ನೋಡುವ ಪರೀಕ್ಷೆಯಲ್ಲಿ ಸಾರ್ಕೊಪ್ಟಿಸ್ ನುಸಿ ಅನೇಕ ಬಾರಿ ಸಿಗುವುದೇ ಇಲ್ಲ, ಆದ್ದರಿಂದ ವರದಿಯಲ್ಲಿ ಏನೂ ಇಲ್ಲವೆಂದು ಬಂದರೂ ಅನುಮಾನ ಬಲವಾಗಿದ್ದರೆ ಚಿಕಿತ್ಸೆ ಕೊಟ್ಟು ನೋಡುವುದೇ ಸರಿ. ಕಜ್ಜಿ ತರುವ ಇನ್ನೊಂದು ಬಗೆಯಾದ ಡೆಮೊಡೆಕ್ಸ್ ನುಸಿಯಾದರೆ ಸ್ಟಿರಾಯ್ಡ್ ಕೊಟ್ಟಷ್ಟೂ ಉಲ್ಬಣಿಸುತ್ತದೆ.

ಚಕ್ಕುಲಿ ಡಬ್ಬಿ (ಜಯನಗರ, ಬೆಂಗಳೂರು):

ಆಹಾರದ ಪರೀಕ್ಷೆಯನ್ನು ಮನೆಯಲ್ಲಿ ಪೂರ್ತಿಯಾಗಿ ನಡೆಸಿದವಳು ನಾನು, ಆದ್ದರಿಂದ ಆ ಭಾಗವನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ. ನಾಯಿ ಈವರೆಗೆ ತಿನ್ನದ ಒಂದು ಪ್ರೋಟೀನ್ ಮತ್ತು ಒಂದು ಪಿಷ್ಟದ ಪದಾರ್ಥವನ್ನು ಮಾತ್ರ ಕೊಡಬೇಕು, ಇಲ್ಲವೇ ಪ್ರೋಟೀನನ್ನು ಸಣ್ಣ ತುಣುಕುಗಳಾಗಿ ಒಡೆದು ತಯಾರಿಸಿದ ಹೈಡ್ರೊಲೈಸ್ಡ್ ಆಹಾರವನ್ನು ವೈದ್ಯರ ಚೀಟಿಯ ಮೇಲೆ ತರಿಸಬೇಕು. ಕನಿಷ್ಠ 8 ವಾರ ಬೇರೇನೂ ಬಾಯಿಗೆ ಹೋಗಬಾರದು. ಆಹಾರದ ಅಲರ್ಜಿ ಇರುವ ನಾಯಿಗಳಲ್ಲಿ 90 ಪ್ರತಿಶತಕ್ಕಿಂತ ಹೆಚ್ಚಿನವು ಅಷ್ಟರಲ್ಲಿ ಸುಧಾರಿಸುತ್ತವೆ ಎಂಬುದರಿಂದಲೇ 8 ವಾರವೆಂಬ ಗಡುವು ಬಂದಿದೆ. ಎರಡು ವಾರ ಕೋಳಿ ನಿಲ್ಲಿಸಿ ‘ವ್ಯತ್ಯಾಸ ಕಾಣಲಿಲ್ಲ’ ಎನ್ನುವವರ ಮಾತಿಗೆ ಬೆಲೆಯಿಲ್ಲ.

ಕಾಗದದ ಮೇಲೆ ಸುಲಭವಾಗಿ ಕಾಣುವ ಈ ನಿಯಮ ನಮ್ಮ ಮನೆಗಳಲ್ಲಿ ಏಕೆ ಮುರಿಯುತ್ತದೆ ಎಂದರೆ, ನಾಯಿಗೆ ತಿನ್ನಿಸುವ ಕೈಗಳು ಬಹಳ. ಅತ್ತೆಯವರು ಚಹಾದ ಜೊತೆಯ ಬಿಸ್ಕತ್ತಿನಲ್ಲಿ ಅರ್ಧ ಮುರಿದು ಕೊಡುತ್ತಾರೆ, ಮನೆಗೆಲಸಕ್ಕೆ ಬರುವವರು ಪ್ರೀತಿಯಿಂದ ಮೊಸರನ್ನ ಇಡುತ್ತಾರೆ, ಹಾಲಿನ ಪಾತ್ರೆಯ ತಳ ಅದರ ಹಕ್ಕೆಂದೇ ಎಲ್ಲರೂ ತಿಳಿದಿರುತ್ತಾರೆ, ಬೀದಿಯ ಕೊನೆಯ ಅಂಗಡಿಯವರು ಬನ್ನು ಎಸೆಯುತ್ತಾರೆ. ಇವರಾರನ್ನೂ ಗದರಿಸಿ ಪ್ರಯೋಜನವಿಲ್ಲ. ಪರೀಕ್ಷೆಗೆ ಒಪ್ಪುವ ತಿಂಡಿಯನ್ನೇ, ಉದಾಹರಣೆಗೆ ಬೇಯಿಸಿ ಒಣಗಿಸಿದ ಗೆಣಸಿನ ಬಿಲ್ಲೆಗಳನ್ನು, ಒಂದು ಡಬ್ಬಿಯಲ್ಲಿಟ್ಟು ‘ಕೊಡುವುದಾದರೆ ಇದರಿಂದ ಕೊಡಿ’ ಎಂದು ಎಲ್ಲರಿಗೂ ತೋರಿಸಿದ್ದು ನಮ್ಮಲ್ಲಿ ಕೆಲಸ ಮಾಡಿತು. ಇನ್ನೊಂದು ಎಡವಟ್ಟು ಯಾರ ಗಮನಕ್ಕೂ ಬರುವುದಿಲ್ಲ: ಜಂತುಹುಳುವಿನ ಮಾತ್ರೆ, ಉಣ್ಣೆಯ ಮಾತ್ರೆ, ಕ್ಯಾಲ್ಸಿಯಂ ಮೂಳೆ, ಕೊನೆಗೆ ನಾಯಿಯ ಟೂತ್‌ಪೇಸ್ಟಿನಲ್ಲೂ ಮಾಂಸದ ರುಚಿ ಬೆರೆಸಿರುತ್ತಾರೆ. ಆ ಅವಧಿಗೆ ರುಚಿಯಿಲ್ಲದ ಔಷಧವನ್ನೋ ಬೆನ್ನಿನ ಮೇಲೆ ಹಾಕುವ ಹನಿಯನ್ನೋ ವೈದ್ಯರಿಂದ ಕೇಳಿ ಪಡೆಯಿರಿ.

ತುರಿಕೆ ಕಡಿಮೆಯಾದರೆ ಅಲ್ಲಿಗೇ ನಿಲ್ಲಬಾರದು. ಹಳೆಯ ಆಹಾರವನ್ನು ಮತ್ತೆ ಕೊಟ್ಟು, ಎರಡು ವಾರದೊಳಗೆ ತುರಿಕೆ ಮರಳುತ್ತದೆಯೇ ಎಂದು ನೋಡಿದರೆ ಮಾತ್ರ ಆಹಾರವೇ ಕಾರಣವೆಂಬುದು ಸಾಬೀತಾಗುತ್ತದೆ. ಆಮೇಲೆ ಕೋಳಿ, ಮೊಟ್ಟೆ, ಹಾಲು, ಗೋಧಿ ಎಂದು ಒಂದೊಂದನ್ನೇ ಸೇರಿಸುತ್ತಾ ಯಾವುದು ಒಗ್ಗದು ಎಂದು ಗುರುತಿಸಬೇಕು. ಚೆನ್ನಾಗಿರುವ ನಾಯಿಗೆ ಬೇಕೆಂದೇ ತುರಿಕೆ ಬರಿಸುವುದಕ್ಕೆ ಮನಸ್ಸು ಒಪ್ಪುವುದಿಲ್ಲ, ನಿಜ. ಆದರೆ ಈ ಹೆಜ್ಜೆ ಬಿಟ್ಟವರು ಜೀವನಪೂರ್ತಿ ಕಾರಣವಿಲ್ಲದೆ ನಾಯಿಯ ತಟ್ಟೆಯನ್ನು ಬಡವಾಗಿಸುತ್ತಾರೆ.

ಸಿದ್ಧಗಂಗೆಯ ದಾರಿ (ತುಮಕೂರು):

ನಮ್ಮದು ಸಸ್ಯಾಹಾರಿ ಮನೆ. ನಮ್ಮ ನಾಡುನಾಯಿ ರಾಗಿ ಅಂಬಲಿ, ಅನ್ನ, ಮೊಸರು ತಿಂದೇ ಬೆಳೆದಿದೆ. ಮಾಂಸ ಮುಟ್ಟದ ನಾಯಿಗೂ ಆಹಾರದ ಅಲರ್ಜಿ ಬರುತ್ತದೆಯೇ? ಬಂದರೆ ನಾವು ಪರೀಕ್ಷೆ ಮಾಡುವುದಾದರೂ ಹೇಗೆ?

ಹಳೆಯ ಸ್ಟೆತಸ್ಕೋಪು:

ಬರಬಹುದು. ಯಾವ ನಾಯಿಯೂ ತಾನು ತಿನ್ನದ ವಸ್ತುವಿಗೆ ಸಾಮಾನ್ಯವಾಗಿ ಅಲರ್ಜಿ ಬೆಳೆಸಿಕೊಳ್ಳುವುದಿಲ್ಲ, ದಿನವೂ ತಿನ್ನುವುದಕ್ಕೇ ಬೆಳೆಸಿಕೊಳ್ಳುತ್ತದೆ. 2016ರಲ್ಲಿ ಪ್ರಕಟವಾದ ಒಂದು ಪರಾಮರ್ಶೆಯಲ್ಲಿ 297 ನಾಯಿಗಳ ವಿವರ ಸೇರಿತ್ತು. ಅವುಗಳಲ್ಲಿ ದನದ ಮಾಂಸ 34, ಹಾಲಿನ ಪದಾರ್ಥಗಳು 17, ಕೋಳಿ 15, ಗೋಧಿ 13 ಪ್ರತಿಶತ ನಾಯಿಗಳಿಗೆ ಒಗ್ಗಿರಲಿಲ್ಲ. ದನದ ಮಾಂಸ ಹೆಚ್ಚು ತಿನ್ನಿಸುವ ದೇಶಗಳ ಪಟ್ಟಿಯನ್ನು ಕಣ್ಣುಮುಚ್ಚಿ ನಮ್ಮ ಮನೆಗಳಿಗೆ ಅನ್ವಯಿಸಬಾರದು, ಆದರೆ ಹಾಲು ಎರಡನೆಯ ಸ್ಥಾನದಲ್ಲಿದೆ ಎಂಬುದನ್ನು ಮೊಸರನ್ನದ ಮನೆಯವರು ಗಮನಿಸಬೇಕು.

ನಿಮ್ಮ ಮನೆಗೆ ಸೋಯಾ ಮೂಲದ ಹೈಡ್ರೊಲೈಸ್ಡ್ ಆಹಾರ ಹೊಂದುತ್ತದೆ. ಮಾಂಸ ಬೇಯಿಸುವ ಮನೆಯವರು, ನಾಯಿ ಮೀನು ತಿಂದಿಲ್ಲವಾದರೆ ಮುಳ್ಳು ತೆಗೆದ ಬೇಯಿಸಿದ ಮೀನು ಮತ್ತು ಗೆಣಸನ್ನು ಆರಿಸಿಕೊಳ್ಳಬಹುದು. ಕರಾವಳಿಯ ನಾಯಿಗೆ ಮೀನು ಹೊಸದಲ್ಲ, ಕೊಡಗಿನ ನಾಯಿಗೆ ಹಂದಿ ಹೊಸದಲ್ಲ. ಕೋಳಿ ತಿಂದ ನಾಯಿಗೆ ಬಾತುಕೋಳಿಯನ್ನು ಹೊಸದೆಂದು ಎಣಿಸುವಂತಿಲ್ಲ. ಈರುಳ್ಳಿ, ಬೆಳ್ಳುಳ್ಳಿ, ಮಸಾಲೆ ಯಾವ ಕಾರಣಕ್ಕೂ ಬೇಡ. ಇಂಥ ಎರಡೇ ಪದಾರ್ಥದ ಊಟ ಪೂರ್ಣ ಪೋಷಣೆ ಕೊಡುವುದಿಲ್ಲವಾದ್ದರಿಂದ ಮರಿಗಳಿಗೆ ಇದನ್ನು ಮಾಡಬೇಡಿ.

ಎರಡು ಪಗ್ಗಿನ ಮನೆ (ಹುಬ್ಬಳ್ಳಿ):

ಇಷ್ಟೆಲ್ಲ ಕಷ್ಟ ಏಕೆ ಎಂಬುದು ನನ್ನ ಪ್ರಶ್ನೆ. ಕೂದಲು ಕಳುಹಿಸಿದರೆ ನೂರಾರು ಅಲರ್ಜಿಗಳ ಪಟ್ಟಿ ಕೊಡುವ ಪರೀಕ್ಷೆಗಳಿವೆ, ರಕ್ತಪರೀಕ್ಷೆಯೂ ಇದೆ. ಧಾನ್ಯವಿಲ್ಲದ ಆಹಾರ ಕೊಟ್ಟು ನಮ್ಮ ಒಂದು ಪಗ್ ಸುಧಾರಿಸಿದೆ.

ಹಳೆಯ ಸ್ಟೆತಸ್ಕೋಪು:

ನಿಮ್ಮ ಪಗ್ ಸುಧಾರಿಸಿದ್ದು ಸಂತೋಷ. ಆದರೆ ಆ ಚೀಲದಲ್ಲಿ ಧಾನ್ಯ ಬದಲಾದಂತೆ ಮಾಂಸವೂ ಬದಲಾಗಿರುತ್ತದೆ, ಅದೇ ಹೊತ್ತಿಗೆ ಋತುವೂ ಬದಲಾಗಿರಬಹುದು, ಯಾವುದು ಕೆಲಸ ಮಾಡಿತೆಂದು ಅದರಿಂದ ತಿಳಿಯದು. ಅಲರ್ಜಿ ಹೆಚ್ಚಾಗಿ ಪ್ರಾಣಿಮೂಲದ ಪ್ರೋಟೀನಿನಿಂದ ಬರುತ್ತದೆ, ಅನ್ನದಿಂದ ಬರುವುದು ಕಡಿಮೆ. ಬಟಾಣಿ, ಬೇಳೆ, ಆಲೂಗಡ್ಡೆಯೇ ಪ್ರಧಾನವಾದ ಆಹಾರಗಳನ್ನು ತಿನ್ನುತ್ತಿದ್ದ ನಾಯಿಗಳಲ್ಲಿ ಹೃದಯದ ಸ್ನಾಯು ಹಿಗ್ಗುವ ಕಾಯಿಲೆ ವರದಿಯಾಗುತ್ತಿದೆ ಎಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2018ರಲ್ಲಿ ಎಚ್ಚರಿಸಿತ್ತು. ಅವುಗಳಲ್ಲಿ ಬಹುಪಾಲು ಧಾನ್ಯರಹಿತವೆಂದು ಮಾರಾಟವಾಗುತ್ತಿದ್ದವು. ಕಾರಣ ಇದೇ ಎಂದು ಸಿದ್ಧವಾಗಿಲ್ಲ, ಆದರೂ ಅಗತ್ಯವಿಲ್ಲದೆ ಅತ್ತ ಹೋಗುವುದು ಬೇಡ ಎಂಬುದು ನನ್ನ ಅಭಿಪ್ರಾಯ.

ಕೂದಲು ಮತ್ತು ಎಂಜಲಿನ ಪರೀಕ್ಷೆಗಳನ್ನು ನಂಬಬೇಡಿ. ಆಹಾರದ ಅಲರ್ಜಿಗೆ ರಕ್ತಪರೀಕ್ಷೆಯೂ ಭರವಸೆಗೆ ಅರ್ಹವಲ್ಲ, ಆರೋಗ್ಯವಂತ ನಾಯಿಗಳಲ್ಲೂ ಅದು ಅಲರ್ಜಿ ಇದೆಯೆಂದು ತೋರಿಸುತ್ತದೆ. ಪರಿಸರದ ಅಲರ್ಜಿಯಲ್ಲಿ ರಕ್ತಪರೀಕ್ಷೆಗೂ ಚರ್ಮಕ್ಕೆ ಚುಚ್ಚಿ ನೋಡುವ ಪರೀಕ್ಷೆಗೂ ಒಂದು ನಿಜವಾದ ಉಪಯೋಗವಿದೆ: ರೋಗ ಯಾವುದೆಂದು ಮೊದಲೇ ಖಚಿತವಾದ ಮೇಲೆ, ಇಮ್ಯುನೊಥೆರಪಿಯ, ಅಂದರೆ ಅಲರ್ಜಿ ತರುವ ವಸ್ತುವನ್ನೇ ಸ್ವಲ್ಪ ಸ್ವಲ್ಪವಾಗಿ ಕೊಟ್ಟು ದೇಹವನ್ನು ಒಗ್ಗಿಸುವ ಚಿಕಿತ್ಸೆಯ, ಇಂಜೆಕ್ಷನ್ನಿನಲ್ಲಿ ಏನೇನು ಸೇರಿಸಬೇಕೆಂದು ಆರಿಸುವುದಕ್ಕೆ. ಈ ಚಿಕಿತ್ಸೆಯಿಂದ ಸುಮಾರು ಮೂರರಲ್ಲಿ ಎರಡು ಪಾಲು ನಾಯಿಗಳಿಗೆ ಒಳ್ಳೆಯ ಫಲ ಸಿಗುತ್ತದೆ, ಆದರೆ ತೀರ್ಮಾನಕ್ಕೆ ಒಂದು ವರ್ಷದವರೆಗೆ ಕಾಯಬೇಕಾಗುತ್ತದೆ.

ಕಾಫಿ ಕಣ (ಮಡಿಕೇರಿ):

ಚರ್ಚೆಯೆಲ್ಲ ನಿಧಾನದ ಅಲರ್ಜಿಯ ಸುತ್ತಲೇ ಇದೆ. ತೋಟದಲ್ಲಿ ಜೇನುಹುಳು, ಕಣಜ ಕಚ್ಚಿ ಮುಖ ಊದಿಸಿಕೊಳ್ಳುವ ನಾಯಿಗಳು ನಮ್ಮಲ್ಲಿ ಸಾಮಾನ್ಯ. ಮೂತಿ, ಕಣ್ಣಿನ ರೆಪ್ಪೆ ಊದಿ, ಮೈಮೇಲೆ ಗಂಧೆ ಎದ್ದರೆ ತಕ್ಷಣ ವೈದ್ಯರಿಗೆ ಫೋನ್ ಮಾಡಿ. ಊತಕ್ಕಿಂತ ಹೆಚ್ಚು ಹೆದರಬೇಕಾದದ್ದು ಬೇರೆ ಇದೆ. ತೀವ್ರ ಅಲರ್ಜಿಯ ಹೊಡೆತ ನಾಯಿಗಳಲ್ಲಿ ಮುಖ್ಯವಾಗಿ ಯಕೃತ್ತು ಮತ್ತು ಕರುಳಿನ ಮೇಲೆ ಬೀಳುವುದರಿಂದ, ಮುಖ ಊದದೆಯೇ ಒಮ್ಮೆಲೇ ವಾಂತಿ, ಭೇದಿ ಆಗಿ, ವಸಡು ಬಿಳಿಚಿ, ನಾಯಿ ಕುಸಿದು ಬೀಳಬಹುದು. ಆಗ ಮನೆಮದ್ದಿಗೆ ಸಮಯವಿಲ್ಲ, ಗಾಡಿ ತೆಗೆಯಬೇಕು. ಲಸಿಕೆ ಹಾಕಿಸಿದ ಮೇಲೂ ಹೀಗಾಗುವುದು ಅಪರೂಪಕ್ಕೆ ಉಂಟು, ಆದ್ದರಿಂದ ಅರ್ಧ ಗಂಟೆ ಆಸ್ಪತ್ರೆಯ ಬಳಿಯೇ ಇರುವುದು ಒಳ್ಳೆಯದು. ಹಿಂದೆ ಮುಖ ಊದಿದ್ದರೆ ಮುಂದಿನ ಲಸಿಕೆಗೆ ಮೊದಲೇ ಹೇಳಬೇಕು.

ಕುಕ್ಕರಹಳ್ಳಿ ನಡಿಗೆ:

ಎಲ್ಲರಿಗೂ ಕೃತಜ್ಞತೆಗಳು. ಟೇಪಿನ ಪರೀಕ್ಷೆ ಮಾಡಿಸಿದೆವು. ಪಂಜ, ಕಿವಿ ಎರಡರಲ್ಲೂ ಯೀಸ್ಟ್ ಕಂಡುಬಂದಿದ್ದು, ಚಿಗಟದ ಔಷಧವನ್ನೂ ಆರಂಭಿಸಿದ್ದೇವೆ. ಆಹಾರದ ಪರೀಕ್ಷೆ ನಡೆಯುವಾಗ ನಾಯಿ ತುರಿಸಿಕೊಳ್ಳುತ್ತಲೇ ಇರಬೇಕೇ? ಮನೆಯಲ್ಲಿ ಮನುಷ್ಯರ ಅಲರ್ಜಿಯ ಮಾತ್ರೆ ಸೆಟಿರಿಜಿನ್ ಇದೆ, ಕೊಡಬಹುದೇ?

ಹಳೆಯ ಸ್ಟೆತಸ್ಕೋಪು:

ತುರಿಸುತ್ತಾ ಬಿಡಬೇಕಾಗಿಲ್ಲ. ಓಕ್ಲಾಸಿಟಿನಿಬ್ ಮಾತ್ರೆ ಒಂದು ದಿನದೊಳಗೇ ತುರಿಕೆ ತಗ್ಗಿಸುತ್ತದೆ, 12 ತಿಂಗಳು ತುಂಬದ ನಾಯಿಗೆ ಅದನ್ನು ಕೊಡುವಂತಿಲ್ಲ. ಲೊಕಿವೆಟ್‌ಮ್ಯಾಬ್ ಎಂಬ ಇಂಜೆಕ್ಷನ್ ತುರಿಕೆಯ ಸಂದೇಶ ಒಯ್ಯುವ ಇಂಟರ್‌ಲ್ಯೂಕಿನ್-31ನ್ನು ತಡೆಯುತ್ತದೆ, ಪರಿಣಾಮ ಒಂದು ತಿಂಗಳಿನಷ್ಟು ನಿಲ್ಲುತ್ತದೆ. ರೋಗನಿರೋಧಕ ಶಕ್ತಿಯ ಅತಿರೇಕವನ್ನು ತಗ್ಗಿಸುವ ಸೈಕ್ಲೋಸ್ಪೋರಿನ್ ಕೆಲಸ ಆರಂಭಿಸಲು 4ರಿಂದ 6 ವಾರ ಬೇಕು. ಪ್ರೆಡ್ನಿಸೊಲೋನ್ ಎಂಬ ಸ್ಟಿರಾಯ್ಡ್ ಅಗ್ಗ ಮತ್ತು ಬಲವಾದದ್ದು, ಕೆಲವು ದಿನಗಳ ಮಟ್ಟಿಗೆ ಅದನ್ನು ದೂರುವಂತಿಲ್ಲ. ಆದರೆ ನಾಯಿ ವಿಪರೀತ ನೀರು ಕುಡಿದು, ಮೂತ್ರ ಹೆಚ್ಚಾಗಿ, ಹಸಿವು ಮಿತಿಮೀರಿ, ಹೊಟ್ಟೆ ಜೋತುಬಿದ್ದರೆ ಅತಿಯಾಯಿತೆಂದು ತಿಳಿಯಬೇಕು. ಬಹುಕಾಲ ಕೊಟ್ಟದ್ದನ್ನು ಒಮ್ಮೆಲೇ ನಿಲ್ಲಿಸಲೂಬಾರದು. ಇವುಗಳಲ್ಲಿ ಯಾವುದನ್ನು ಕೊಟ್ಟರೂ ಆಹಾರದ ಪರೀಕ್ಷೆಯ ಕೊನೆಯ ವಾರಗಳಲ್ಲಿ ಔಷಧದ ಪ್ರಭಾವ ಇರಬಾರದು, ಇದ್ದರೆ ತುರಿಕೆ ತಗ್ಗಿದ್ದು ಯಾವುದರಿಂದ ಎಂದು ತಿಳಿಯುವುದಿಲ್ಲ.

ಸೆಟಿರಿಜಿನ್‌ನಂಥವು ನಾಯಿಯ ಚರ್ಮದ ತುರಿಕೆಗೆ ಅಷ್ಟಾಗಿ ನಾಟುವುದಿಲ್ಲ. ಅದಕ್ಕಿಂತ ದೊಡ್ಡ ಅಪಾಯವೆಂದರೆ, ಶೀತದ ಮಾತ್ರೆಗಳಲ್ಲಿ ಅದರ ಜೊತೆ ಪ್ಯಾರಾಸಿಟಮಾಲ್ ಅಥವಾ ಸೂಡೊಎಫೆಡ್ರಿನ್ ಸೇರಿರುವುದು ಮತ್ತು ಕೆಲವು ಸಿರಪ್‌ಗಳಲ್ಲಿ ಜೈಲಿಟಾಲ್ ಎಂಬ ಸಿಹಿಕಾರಕ ಇರುವುದು, ಇವು ನಾಯಿಗೆ ವಿಷವಾಗಬಲ್ಲವು. ಮನುಷ್ಯರ ತುರಿಕೆಯ ಮುಲಾಮನ್ನೂ ಹಚ್ಚಬೇಡಿ, ನಾಯಿ ನೆಕ್ಕಿ ಅದು ಹೋಗುವುದು ನೇರ ಹೊಟ್ಟೆಗೆ.

ಸ್ನಾನವನ್ನು ಔಷಧವೆಂದೇ ಎಣಿಸಿ. ಕ್ಲೋರ್‌ಹೆಕ್ಸಿಡಿನ್ ಮತ್ತು ಮೈಕೊನಜೋಲ್ ಇರುವ ಶಾಂಪೂವನ್ನು ಹಚ್ಚಿ 10 ನಿಮಿಷ ಬಿಟ್ಟು ತೊಳೆಯಬೇಕು. ಬಹಳಷ್ಟು ಜನ ಎರಡೇ ನಿಮಿಷಕ್ಕೆ ನೀರು ಸುರಿದು, ಶಾಂಪೂ ಪ್ರಯೋಜನವಿಲ್ಲ ಎನ್ನುತ್ತಾರೆ. ವಾಯುವಿಹಾರದಿಂದ ಬಂದಾಗ ಪಂಜಗಳನ್ನು ಒದ್ದೆಬಟ್ಟೆಯಿಂದ ಒರೆಸಿ, ಬೆರಳ ಸಂದುಗಳನ್ನು ಒಣಗಿಸಿ. ನೆಲ ಒರೆಸುವ ಫಿನೈಲಿನ ನೀರು ಒಣಗುವವರೆಗೆ ನಾಯಿಯನ್ನು ಅತ್ತ ಬಿಡಬೇಡಿ. ಮೀನೆಣ್ಣೆಯ ಒಮೆಗಾ-3 ಸಹಾಯಕ, ಆದರೆ ಫಲ ಕಾಣಲು ಎರಡು ಮೂರು ತಿಂಗಳು ಬೇಕು, ಮತ್ತು ಅದನ್ನು ಆಹಾರದ ಪರೀಕ್ಷೆ ಮುಗಿದ ಮೇಲೆಯೇ ಆರಂಭಿಸಿ.

ದಿನವೂ ರಾತ್ರಿ ತುರಿಕೆಗೆ 0ಯಿಂದ 10ರೊಳಗೆ ಒಂದು ಅಂಕ ಕೊಟ್ಟು, ಆ ದಿನ ತಿಂದದ್ದು, ಸ್ನಾನ, ಔಷಧ, ಮಳೆ ಬಂದಿತ್ತೇ ಎಂಬುದನ್ನು ಕ್ಯಾಲೆಂಡರಿನಲ್ಲೇ ಗುರುತು ಹಾಕುತ್ತಾ ಬನ್ನಿ. ಅಂಕವನ್ನು ಮನೆಯಲ್ಲಿ ಒಬ್ಬರೇ ಕೊಡಬೇಕು, ಏಕೆಂದರೆ ಒಬ್ಬರ 4 ಇನ್ನೊಬ್ಬರಿಗೆ 7 ಆಗಿರುತ್ತದೆ. ಆಹಾರವೂ ಕಾರಣವಲ್ಲವೆಂದು ಕೊನೆಗೆ ತಿಳಿದರೆ ನಿಮ್ಮ ನಾಯಿಯದು ಅಟೋಪಿ ಎಂದಾಗುತ್ತದೆ. ಅದು ಪೂರ್ತಿ ಗುಣವಾಗುವುದಿಲ್ಲ, ಜೀವನಪೂರ್ತಿ ಹತೋಟಿಯಲ್ಲಿಡಬೇಕು. ವಂಶದಲ್ಲಿ ಇಳಿಯುವ ಕಾಯಿಲೆಯಾದ್ದರಿಂದ ಅದರಿಂದ ಮರಿ ಹಾಕಿಸುವ ಯೋಚನೆಯಿದ್ದರೆ ಕೈಬಿಡಿ. ಮುಂದಿನ ಭೇಟಿಗೆ ಆ ಕ್ಯಾಲೆಂಡರ್ ಮತ್ತು ಈವರೆಗೆ ಕೊಟ್ಟ ಇಂಜೆಕ್ಷನ್ನುಗಳ ಹೆಸರು ಬರೆದ ಚೀಟಿಗಳನ್ನು ತಪ್ಪದೆ ತೆಗೆದುಕೊಂಡು ಹೋಗಿ. ಹೆಸರು ಬರೆದುಕೊಟ್ಟಿಲ್ಲವಾದರೆ ಕೇಳಿ ಬರೆಸಿಕೊಳ್ಳಿ.